ಉಣಗೋಲಿನಾಚೆಯ ಉಣ್ಣೆ

"ಇದು ನಿಮ್ಮನೇದು ಮಾರಾಯ್ತಿ, ತಗೋ."

ಬೆಳಗ್ಗೆ ಏಳೂವರೆ. ಡೇರಿಗೆ ಹಾಲು ಹಾಕಿ ಬಂದ ಆಚೆಮನೆ ಭಾವ ಬಾಯಲ್ಲಿ ಕವಳ ಇಟ್ಟುಕೊಂಡು ಉಣಗೋಲಿಗೆ ಮೊಣಕೈ ಊರಿ ನಿಂತಿದ್ದರು. ಬೆರಳ ತುದಿಯಲ್ಲಿ ಏನೋ ಹಿಡಿದಿದ್ದರು. ಹೂವಿನ ಬೀಜವೋ, ಮೊನ್ನೆ ಕೇಳಿದ್ದ ಬದನೆ ಬೀಜವೋ ಅಂತ ಕೈ ಚಾಚಿದೆ. ಉಣ್ಣೆ! ರಕ್ತ ಕುಡಿದು ಕುಡಿದು ಹರಳು ಬೀಜದಷ್ಟು ದಪ್ಪಗಾಗಿತ್ತು. ಬೂದು ಮೈ, ಅದರ ಮೇಲೊಂದು ನೀಲಿ ಹೊಳಪು, ತುದಿಯಲ್ಲಿ ಸಾಸಿವೆಗಿಂತ ಸಣ್ಣ ತಲೆ. ಎಂಟು ಕಾಲಿದ್ದರೂ ಹೊಟ್ಟೆಯ ಭಾರಕ್ಕೆ ಒಂದೂ ನೆಲಕ್ಕೆ ಎಟುಕುವ ಹಾಗಿರಲಿಲ್ಲ. ಮದುವೆಮನೆಯಲ್ಲಿ ಹೋಳಿಗೆ ಪಂದ್ಯ ಗೆದ್ದು ಎಲೆ ಮುಂದೆಯೇ ಕೂತುಬಿಟ್ಟವರ ಹಾಗಿತ್ತು ಅದರ ಸ್ಥಿತಿ.

"ನಮ್ಮನೇದು ಅಂತ ಹೆಂಗೆ ಹೇಳ್ತೀರಿ ಭಾವ? ಹೆಸರು ಬರ್ಕೊಂಡಿದೆಯಾ?"

"ನಿಮ್ಮ ಜೆರ್ಸಿ ನಿನ್ನೆ ಉಣಗೋಲು ನೂಕಿಕೊಂಡು ಬಂದು ನಮ್ಮ ಕೊಟ್ಟಿಗೆ ಮುಂದೆ ಮಲಗಿತ್ತು. ಇವತ್ತು ನಮ್ಮ ಮಣಕದ ಕಿವಿಯಲ್ಲಿ ಇದು. ಲೆಕ್ಕ ಸರಿಯಾಯ್ತಲ್ಲ?"

ಲೆಕ್ಕ ಸರಿಯಾಗಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ. ಅಷ್ಟರಲ್ಲಿ ಒಳಗೆ ದೋಸೆ ಸೀದು ಹೋಯಿತು. ಭಾವ ಉಣಗೋಲಿಗೆ ಬಂದು ನಿಂತರೆ ನಮ್ಮ ಮನೆಯ ಮೊದಲನೇ ದೋಸೆ ಕರುವಿಗೆ ಅಂತ ಎಂದೋ ತೀರ್ಮಾನವಾಗಿದೆ.

ಉಣ್ಣೆ ಅನ್ನುವ ಮಾತೇ ಪೇಚಿನದು. ಬೆಂಗಳೂರಿಂದ ಬಂದಿದ್ದ ಅಕ್ಕನ ಮೊಮ್ಮಗಳು "ಹಸುಗೂ ಉಣ್ಣೆ ಇರುತ್ತಾ ಅಜ್ಜಿ? ಕುರಿಗೆ ಮಾತ್ರ ಅಲ್ವಾ?" ಅಂತ ಕೇಳಿ, ಕೊಟ್ಟಿಗೆಯಿಂದ ಒಂದು ಸ್ವೆಟರ್ ಆಗಬಹುದೆಂದು ಕಾದಿದ್ದಳು. ಅದಕ್ಕೇ ಇರಬೇಕು, ನಮ್ಮ ಕಡೆ ಅರ್ಧ ಜನ ಉಣುಗು ಅನ್ನುವುದು. ಮಳೆಗಾಲಕ್ಕೆ ಉಂಬಳ, ಬೇಸಿಗೆಗೆ ಉಣುಗು. ಎರಡರ ಹೆಸರಲ್ಲೂ ಊಟದ ವಾಸನೆ ಇದೆ. ಮಲೆನಾಡಲ್ಲಿ ಹುಟ್ಟಿದ ಮೇಲೆ ವರ್ಷವಿಡೀ ಯಾರಿಗಾದರೂ ಬಡಿಸುತ್ತಲೇ ಇರಬೇಕು. ಅವೆರಡರ ನಡುವೆ ಪಾಪದ ಉಣಗೋಲು ಯಾಕೆ ಸಿಕ್ಕಿಕೊಂಡಿತೋ ಗೊತ್ತಿಲ್ಲ, ಮೂರು ಗಳ ಅಡ್ಡ ಹಾಕಿಕೊಂಡು ದನ ತಡೆಯುವುದಷ್ಟೇ ಅದರ ಕೆಲಸ. ಭಾಷಾ ಪಂಡಿತರು ಬೈಯುವ ಮೊದಲು ಇನ್ನೊಂದು ಹೇಳಿಬಿಡುತ್ತೇನೆ. ಹರಳು ಗಿಡಕ್ಕೆ ವಿಜ್ಞಾನದವರು ಇಟ್ಟಿರುವ ಹೆಸರು ರಿಸಿನಸ್. ಲ್ಯಾಟಿನ್ನಿನಲ್ಲಿ ಹಾಗೆಂದರೆ ಉಣ್ಣೆ ಅಂತಲೇ ಅರ್ಥವಂತೆ, ಬೀಜ ನೋಡಲಿಕ್ಕೆ ಹಾಗೇ ಇರುವುದರಿಂದ. ರೋಮಿನ ದನಗಾಹಿಗೂ ನಮ್ಮ ಭಾವನಿಗೂ ಹೊಳೆದದ್ದು ಒಂದೇ ಹೋಲಿಕೆ.

ಇನ್ನು ಲೆಕ್ಕದ ವಿಚಾರ. ನಮ್ಮ ಜೆರ್ಸಿ ಹೋಗಿ ಮಲಗಿದ್ದು ನಿನ್ನೆ, ಮಣಕದ ಕಿವಿಯಲ್ಲಿ ದಪ್ಪ ಉಣ್ಣೆ ಸಿಕ್ಕಿದ್ದು ಇವತ್ತು. ಉಣ್ಣೆ ಒಂದು ರಾತ್ರಿಯಲ್ಲಿ ಹರಳು ಬೀಜ ಆಗುವುದಿಲ್ಲ. ದನಕ್ಕೆ ಹತ್ತುವ ಈ ನೀಲಿ ಉಣ್ಣೆ ಎಳ್ಳಿಗಿಂತ ಚಿಕ್ಕದಾಗಿರುವಾಗ, ಆರೇ ಕಾಲು ಇರುವಾಗ, ಹುಲ್ಲಿನ ತುದಿಯಿಂದ ದನದ ಮೈಗೆ ದಾಟುತ್ತದೆ. ಆಮೇಲೆ ಅದೇ ಮೈಮೇಲೆ ಪೊರೆ ಬಿಟ್ಟು, ಎಂಟು ಕಾಲು ಮಾಡಿಕೊಂಡು, ಇನ್ನೊಮ್ಮೆ ಪೊರೆ ಬಿಟ್ಟು, ಮದುವೆಯಾಗಿ, ಹೊಟ್ಟೆ ತುಂಬ ಉಂಡು ಕೆಳಗೆ ಬೀಳುವುದಕ್ಕೆ ಸುಮಾರು 21 ದಿನ ಬೇಕು. ಹಾಗಾಗಿ ಭಾವನ ಬೆರಳಲ್ಲಿ ಸಿಕ್ಕಿದ ಆಸಾಮಿ ಮೂರು ವಾರದಿಂದ ಅವರ ಮಣಕದ ಕಿವಿಯಲ್ಲೇ ಸಂಸಾರ ಹೂಡಿತ್ತು. ಇದನ್ನು ನಾನು ಹೇಳಿದ್ದಕ್ಕೆ ಭಾವ ಕವಳ ಉಗುಳಿ ಬಂದು, "ನಿಂಗೆ ಯಾರು ಹೇಳಿದ್ದು?" ಅಂದರು.

ಹೇಳಿದ್ದು ಪಶು ಆಸ್ಪತ್ರೆ ಡಾಕ್ಟರು. ಹೋದ ವರ್ಷ ನಮ್ಮ ಜೆರ್ಸಿಗೆ ಜ್ವರ ಬಂದು ಮೂರನೇ ದಿನಕ್ಕೆ ಕಾಫಿ ಡಿಕಾಕ್ಷನ್ನಿನಂಥ ಮೂತ್ರ ಮಾಡಿತು. ಹೊಯ್ದದ್ದು ನೋಡಿ ನಮ್ಮನೆಯವರು ರಕ್ತ ಅಂತ ಕೂಗಿಕೊಂಡರು. ಡಾಕ್ಟರು ಬಂದು, ಕಣ್ಣಿನ ರೆಪ್ಪೆ ಮಗುಚಿ ನೋಡಿ, ಬಾಲ ಎತ್ತಿ ನೋಡಿ, ಹಳದಿ ಬಣ್ಣದ ಇಂಜೆಕ್ಷನ್ ಒಂದನ್ನು ಚುಚ್ಚಿದರು. "ಉಣ್ಣೆ ಕಚ್ಚುವಾಗ ರಕ್ತಕ್ಕೆ ಸೂಕ್ಷ್ಮಜೀವಿ ಬಿಟ್ಟಿದೆ ಅಮ್ಮ. ಅದು ಕೆಂಪುಕಣದೊಳಗೆ ಹೊಕ್ಕು ಕಣ ಒಡೆಯುತ್ತೆ. ಒಡೆದ ಬಣ್ಣ ಮೂತ್ರದಲ್ಲಿ ಬರ್ತಿದೆ" ಅಂದರು. ಹೋಗುವಾಗ ಕೊಟ್ಟಿಗೆಯ ಕಲ್ಲುಗೋಡೆಯ ಸಂದಿಗೆ ಒಂದು ಕಡ್ಡಿ ಹಾಕಿ ಕೆದಕಿದರು. ಕಂದುಬಣ್ಣದ ಮೊಟ್ಟೆಯ ಮುದ್ದೆ ಒಂದು ಉದುರಿತು, ಸಾಬಕ್ಕಿ ಪಾಯಸ ಒಣಗಿ ಅಂಟಿಕೊಂಡ ಹಾಗೆ. "ಒಂದು ಉಣ್ಣೆ ಎರಡು ಮೂರು ಸಾವಿರ ಮೊಟ್ಟೆ ಇಡುತ್ತೆ, ಇಟ್ಟು ಸಾಯುತ್ತೆ. ನೀವು ಹಸು ಮೈ ಉಜ್ಜಿದ್ದೇ ಉಜ್ಜಿದ್ದು. ಇಲ್ಲಿ ನೋಡಿ, ಅದರ ಮನೆ ಇಲ್ಲಿದೆ. ಹಸು ಅದಕ್ಕೆ ಬರೀ ಊಟದ ಮನೆ."

ಆ ಮಾತು ನನಗೆ ಮನಸ್ಸಿನಲ್ಲಿ ಕೂತುಬಿಟ್ಟಿತು. ಇಪ್ಪತ್ತು ವರ್ಷದಿಂದ ನಾನು ಊಟಕ್ಕೆ ಬಂದವರನ್ನು ಓಡಿಸುತ್ತಿದ್ದೆ, ಮನೆಯಲ್ಲಿದ್ದವರ ಸುದ್ದಿಗೆ ಹೋಗಿರಲಿಲ್ಲ. ಅವತ್ತೇ ಸಂದಿಗೆಲ್ಲ ಸಿಮೆಂಟು ತುಂಬಿಸಿ ಸುಣ್ಣ ಬಳಿಸಿದೆ. ಭಾವ ಇದೇ ಉಣಗೋಲಿಗೆ ಒರಗಿಕೊಂಡು, "ಏನು, ಕೊಟ್ಟಿಗೆ ಗೃಹಪ್ರವೇಶವಾ?" ಅಂತ ನಕ್ಕಿದ್ದರು.

ಅವರ ಕೊಟ್ಟಿಗೆಯಲ್ಲಿ ಇನ್ನೊಂದು ಪದ್ಧತಿ ಇದೆ. ಸೊಪ್ಪಿನಬೆಟ್ಟದಿಂದ ದರಗು ಗುಡಿಸಿ ತಂದು ದನದ ಕಾಲಡಿಗೆ ಹಾಸುವುದು. ಗೊಬ್ಬರ ಚೆನ್ನಾಗಿ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದರಗಿನ ಜೊತೆಗೆ ಕಾಡಿನ ಉಣುಗೂ ಬುಟ್ಟಿಯಲ್ಲಿ ಕೂತು ಬರುತ್ತದೆ. ಕಾಡಿನದು ಬೇರೆ ಜಾತಿ. ಮರಿಯಾಗಿದ್ದಾಗ ಇಲಿ, ಹಕ್ಕಿ, ಮಂಗ, ಮನುಷ್ಯ ಅಂತ ಸಿಕ್ಕವರ ಮೇಲೆ ಹತ್ತಿ, ಉಂಡು, ಇಳಿದು, ದೊಡ್ಡದಾದ ಮೇಲೆ ದನದ ಮೇಲೆ ಬರುತ್ತದೆ. ಕ್ಯಾಸನೂರು ನಮ್ಮೂರಿಗೇನೂ ದೂರವಲ್ಲ. ಸೊರಬ ತಾಲ್ಲೂಕಿನ ಆ ಕಾಡಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಜನಕ್ಕೂ ಜ್ವರ ಬಂದು, ಮಂಗನ ಕಾಯಿಲೆಗೆ ಊರಿನ ಹೆಸರೇ ಅಂಟಿಕೊಂಡಿತು. ಊರಿನ ಹೆಸರು ಪ್ರಪಂಚಕ್ಕೆಲ್ಲ ಗೊತ್ತಾಗುವುದಕ್ಕೆ ಇಂಥ ದಾರಿ ಯಾರಿಗೂ ಬೇಡ. ದನಕ್ಕೆ ಆ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣ್ಣೆಗೆ ಊಟ ಹಾಕಿ ಅದರ ವಂಶ ಬೆಳೆಸುವುದು ಕಾಡಿಗೆ ಮೇಯಲು ಹೋಗುವ ನಮ್ಮ ದನವೇ. ಭಾವ ಬೇಸಿಗೆಯಲ್ಲಿ ಕಾಡಿಗೆ ಹೋಗುವಾಗ ಆಸ್ಪತ್ರೆಯವರು ಕೊಟ್ಟ ಎಣ್ಣೆಯನ್ನು ಕಾಲಿಗೆ ಬಳಿದುಕೊಂಡು ಹೋಗುತ್ತಾರೆ. ವಾಪಸು ಬರುವಾಗ ತಲೆ ಮೇಲೆ ದರಗಿನ ಬುಟ್ಟಿ.

ಇದಕ್ಕೆಲ್ಲ ಅಂತರರಾಷ್ಟ್ರೀಯ ಬಣ್ಣ ಬಂದದ್ದು ಭಾವನ ಮಗನಿಂದ. ಅವನು ಟೆಕ್ಸಾಸಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಭಾನುವಾರ ಬೆಳಗ್ಗೆ ವಿಡಿಯೋ ಕಾಲ್ ಮಾಡುತ್ತಾನೆ. ನಮ್ಮ ಮೂಲೆಯಲ್ಲಿ ನೆಟ್‌ವರ್ಕ್ ಸಿಗುವುದು ಉಣಗೋಲಿನ ಹತ್ತಿರ ಮಾತ್ರ. ಹಾಗಾಗಿ ಅವನ ಸಂಸಾರದ ಸುಖದುಃಖವೆಲ್ಲ ಎರಡೂ ಮನೆಗೆ ಸಮಪಾಲು. ಒಂದು ಭಾನುವಾರ ಅವನು ಗೆಳೆಯನೊಬ್ಬನ ಮಾಂಸದ ದನ ಸಾಕುವ ಫಾರಮ್ಮಿಗೆ ಹೋಗಿದ್ದಾಗ ತೆಗೆದ ವಿಡಿಯೋ ತೋರಿಸಿದ. ಬೂದುಬಣ್ಣದ ದನ, ಎತ್ತರದ ಹಿಣಿಲು, ಜೋಲುವ ಕಿವಿ, ಮೊಣಕಾಲಿನವರೆಗೆ ಇಳಿದ ಗಂಗೆದೊಗಲು.

ಭಾವ ಫೋನನ್ನು ಮೂಗಿನ ಹತ್ತಿರ ಹಿಡಿದು, "ಅಲ್ವೋ, ಇದು ನಮ್ಮ ಕಡೆ ಹೋರಿ! ಅಲ್ಲಿಗೆ ಹೆಂಗೆ ಹೋಯ್ತು?" ಅಂದರು.

"ಇದಕ್ಕೆ ಇಲ್ಲಿ ಬ್ರಾಹ್ಮನ್ ಅಂತಾರೆ ಅಪ್ಪ."

ಭಾವ ಒಂದು ಕ್ಷಣ ಆಕಾಶ ನೋಡಿದರು. ಯಾವ ಪ್ರಶ್ನೆ ಮೊದಲು ಕೇಳಬೇಕು ಅಂತ ಯೋಚಿಸಿರಬೇಕು.

ಹೋದದ್ದು ಹೀಗೆ. ಟೆಕ್ಸಾಸಿನ ದನಗಾಹಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಸಾವಿರಗಟ್ಟಲೆ ದನ ಅಟ್ಟಿಕೊಂಡು ಉತ್ತರಕ್ಕೆ, ಕ್ಯಾನ್ಸಸ್ಸಿನ ರೈಲಿನವರೆಗೆ ಹೋಗುತ್ತಿದ್ದರು. ಅವರ ದನ ಗುಂಡುಕಲ್ಲಿನ ಹಾಗಿರುತ್ತಿತ್ತು. ಅದು ನಡೆದುಹೋದ ದಾರಿಯ ಊರುಗಳ ದನ ಮಾತ್ರ ಜ್ವರ ಬಂದು, ಕೆಂಪು ಮೂತ್ರ ಹೊಯ್ದು ಸಾಯುತ್ತಿತ್ತು. ನಮ್ಮ ಜೆರ್ಸಿಗೆ ಬಂದದ್ದರ ಅಣ್ಣನೇ ಅದು. ಊರಿನವರು ಬಂದೂಕು ಹಿಡಿದು ದಾರಿಗೆ ಅಡ್ಡ ನಿಂತರು. ಹುಟ್ಟಿದಾಗಿನಿಂದ ಕಚ್ಚಿಸಿಕೊಂಡು ಬೆಳೆದ ದಕ್ಷಿಣದ ದನಕ್ಕೆ ಆ ರೋಗ ಮೈಗೆ ಒಗ್ಗಿಹೋಗಿತ್ತು, ಉತ್ತರದ್ದಕ್ಕೆ ಹೊಸದು. ಉಣ್ಣೆಯೇ ಇದಕ್ಕೆ ಕಾರಣ ಅಂತ ದನಗಾಹಿಗಳು ಹೇಳಿದರೆ ಓದಿದವರು ನಗುತ್ತಿದ್ದರಂತೆ. ಕೊನೆಗೆ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಅನ್ನುವವರು ಹೊಲಕ್ಕೆ ಬೇಲಿ ಹಾಕಿ, ಒಂದು ಹೊಲದ ದನಕ್ಕೆ ಉಣ್ಣೆ ಬಿಟ್ಟು, ಇನ್ನೊಂದರದ್ದಕ್ಕೆ ಒಂದೊಂದೇ ಕಿತ್ತು ತೆಗೆದು, ವರ್ಷಗಟ್ಟಲೆ ನೋಡಿ, 1893ರಲ್ಲಿ ದನಗಾಹಿಗಳ ಮಾತೇ ಸರಿ ಅಂತ ಬರೆದರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಹುಡುಕಿದ್ದು ಅದಕ್ಕೂ ನಾಲ್ಕು ವರ್ಷ ಆಮೇಲೆ.

"ಬೇಲಿ ಹಾಕಿ ನೋಡಿದ್ರಾ?" ಅಂದರು ಭಾವ. ಮುರಿದ ಉಣಗೋಲಿನ ನಡುಗಳ ನೋಡಿಕೊಂಡರು.

ಆಮೇಲೆ ಅಲ್ಲಿಯವರು ಹೊರಗಿನಿಂದ ಗಟ್ಟಿ ತಳಿ ಹುಡುಕಿದರು. ನಮ್ಮಲ್ಲಿಯ ಓಂಗೋಲು, ಗುಜರಾತಿನ ಗಿರ್, ಕಾಂಕ್ರೇಜ್, ಜೊತೆಗೆ ನಮ್ಮದೇ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಬಯಲಿನ ಕೃಷ್ಣಾ ಕಣಿವೆ ದನ, ಇವಿಷ್ಟನ್ನು ಬೆರೆಸಿ ಆದದ್ದು ಬ್ರಾಹ್ಮನ್. 1906ರಲ್ಲಿ ಇಲ್ಲಿಂದ ಹೋದ ಒಂದು ಹಡಗಿನ ದನವನ್ನು ನ್ಯೂಯಾರ್ಕಿನ ಹತ್ತಿರ ದ್ವೀಪದಲ್ಲಿ ಇಳಿಸಿ ತಿಂಗಳುಗಟ್ಟಲೆ ಹಿಡಿದಿಟ್ಟಿದ್ದರು. ಕಾರಣ, ಅವುಗಳ ರಕ್ತದಲ್ಲಿ ಸುರ್ರಾ ಎಂಬ ಇನ್ನೊಂದು ಪರಾವಲಂಬಿ ಸಿಕ್ಕಿತು, ಕಚ್ಚುವ ನೊಣದಿಂದ ಹರಡುವಂಥದ್ದು. ಉಣ್ಣೆಗೆ ಜಗ್ಗದ ದನ ಬೇಕು ಅಂತ ತರಿಸಿದರೆ ಅದು ನೊಣದ ಬಾಬತ್ತು ಹೊತ್ತುಕೊಂಡು ಬಂತು. ಬ್ರೆಜಿಲಿನಲ್ಲೂ ಹೀಗೇ. ಅಲ್ಲಿಯ ಮಾಂಸದ ದನಗಳಲ್ಲಿ ಬಹುಪಾಲು ನೆಲೋರ್ ತಳಿಯದು. ಅಂದರೆ ನೆಲ್ಲೂರು, ಅಂದರೆ ನಮ್ಮ ಓಂಗೋಲು. ಇತ್ತ ಕೃಷ್ಣಾ ಕಣಿವೆಯ ದನ ನಮ್ಮಲ್ಲೇ ಅಪರೂಪವಾಗಿ ಕೂತಿದೆ.

ನಮ್ಮ ನಾಡದನದ ಗುಟ್ಟೇನು? ಔಷಧಿಯಂತೂ ಅಲ್ಲ. ಭಾವನ ಮನೆಯ ಮಲೆನಾಡು ಗಿಡ್ಡ ಕೆಂಪಿಯನ್ನು ನೋಡಿದರೆ ತಿಳಿಯುತ್ತದೆ. ನೊಣ ಕೂತರೆ ಸಾಕು, ಕೂತ ಜಾಗದ ಚರ್ಮ ಮಾತ್ರ ಕೆರೆಗೆ ಕಲ್ಲು ಹಾಕಿದ ಹಾಗೆ ಜುಂ ಅಂತ ಅದುರುತ್ತದೆ. ಕೂದಲು ಗಿಡ್ಡ, ನುಣುಪು. ಉಣ್ಣೆಮರಿಗೆ ಹಿಡಿದುಕೊಳ್ಳಲು ಜಾಗವಿಲ್ಲ. ಇನ್ನು ನಾಲಿಗೆ! ಮೇವು ಮುಗಿದ ಮೇಲೆ ಅರ್ಧ ಗಂಟೆ ಮೈ ನೆಕ್ಕುವುದೇ ಕೆಲಸ, ಆ ಗರಗಸದ ನಾಲಿಗೆಗೆ ಎಷ್ಟು ಮರಿ ಹೋಗುತ್ತವೋ. ನಾಲಿಗೆಗೂ ಸಿಗದೆ ಕಚ್ಚಿಕೊಂಡದ್ದಕ್ಕೂ ಅದರ ಚರ್ಮ ಸುಲಭದಲ್ಲಿ ಊಟ ಬಿಟ್ಟುಕೊಡುವುದಿಲ್ಲ, ಅಲ್ಲೇ ತುರಿಸಿ ಗುಳ್ಳೆ ಎದ್ದು ಉಣ್ಣೆ ಸೊರಗುತ್ತದೆ. ನಮ್ಮ ಜೆರ್ಸಿ ಹನ್ನೆರಡು ಲೀಟರ್ ಕೊಡುತ್ತದೆ, ಹೌದು. ಆದರೆ ಉಣ್ಣೆಯ ಮಟ್ಟಿಗೆ ಅದು ಬಾಗಿಲು ತೆರೆದಿಟ್ಟ ಛತ್ರ. ಕೆಂಪಿ ಎರಡು ಲೀಟರಿಗೆ ಮೇಲೆ ಒಂದು ತೊಟ್ಟು ಕೊಡಲ್ಲ. ಉಣ್ಣೆಗೂ ಕೊಡಲ್ಲ, ಡೇರಿಗೂ ಕೊಡಲ್ಲ.

"ಕೊನೆಗೆ ಮಾಂಸಕ್ಕೆ ಹೋಗೋ ದನಕ್ಕೆ ಇಷ್ಟೆಲ್ಲ ಆರೈಕೆ ಎಂತಕ್ಕೆ?" ಅಂತ ಭಾವನ ಮನೆಯ ಅಕ್ಕ ಹಿಂದಿನಿಂದ ಕೇಳಿದಳು. ಮಗ ಸ್ವಲ್ಪ ತಡವರಿಸಿ, "ಅಮ್ಮ, ಇಲ್ಲಿ ತೂಕಕ್ಕೇ ದುಡ್ಡು. ಹುಳ ತಿಂದಷ್ಟು ತೂಕ ಹೋಯ್ತು" ಅಂದ. ಅಕ್ಕ ಅದನ್ನು ಮುಂದುವರಿಸಲಿಲ್ಲ. ಆದರೆ ಅವನು ಹೇಳಿದ ಇನ್ನೊಂದು ಮಾತು ನನಗೆ ಚುಚ್ಚಿತು. ಅಲ್ಲಿ ಜಂತಿನ ಔಷಧಿ ಕೊಟ್ಟ ದನವನ್ನು ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯದೆ ಕಸಾಯಿಖಾನೆಗೆ ಕಳಿಸುವಂತಿಲ್ಲ. ನಮ್ಮ ಡಬ್ಬಿಗಳ ಮೇಲೂ ಹಾಲಿಗೆ ಎಷ್ಟು ದಿನ ಅಂತ ಬರೆದೇ ಇರುತ್ತದೆ, ಕೆಲವದರ ಮೇಲೆ ಕರೆಯುವ ಹಸುವಿಗೆ ಕೊಡಲೇಬೇಡಿ ಅಂತಲೂ. ಓದುವವರು ಯಾರು? ಬೆಳಗ್ಗೆ ಚುಚ್ಚಿಸಿ ಸಂಜೆ ಡೇರಿಗೆ ಹಾಕುವವರು ನಮ್ಮ ಬೇಲಿಯ ಎರಡೂ ಬದಿಗೆ ಇದ್ದೇವೆ.

ಅಮೆರಿಕದವರು 1906ರಲ್ಲಿ ಉಣ್ಣೆ ಓಡಿಸುವ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಊರೂರಿಗೆ ನೆಲದಲ್ಲಿ ಉದ್ದದ ತೊಟ್ಟಿ ತೋಡಿ, ಅದರಲ್ಲಿ ಪಾಷಾಣದ ನೀರು ತುಂಬಿ, ಪ್ರತಿ ದನವನ್ನೂ ಒಂದು ಕಡೆಯಿಂದ ನೂಕಿ, ಮುಳುಗಿಸಿ, ಈಜಿಸಿ, ಇನ್ನೊಂದು ಕಡೆಯಿಂದ ಹತ್ತಿಸುವುದು. 14 ದಿನಕ್ಕೊಮ್ಮೆ. ಯಾಕೆ 14? ಇವತ್ತು ಮುಳುಗಿಸಿ ತೆಗೆದ ಮೇಲೆ ನಾಳೆ ಹತ್ತಿದ ಮರಿ 21 ದಿನಕ್ಕೆ ದೊಡ್ಡದಾಗಿ ಮೊಟ್ಟೆಗೆ ಇಳಿಯಬೇಕು ತಾನೇ. ಅದಕ್ಕೆ ಮೊದಲೇ ಇನ್ನೊಂದು ಮುಳುಗು. ಮೈಮೇಲೆ ಹತ್ತಬಹುದು, ಇಳಿದು ಸಂಸಾರ ಬೆಳೆಸುವ ಹಾಗಿಲ್ಲ. ಬಲವಂತದ ಸ್ನಾನ ಯಾರಿಗೂ ಹಿಡಿಸಲಿಲ್ಲ. ಕೆಲವು ಕಡೆ ರೈತರು ರಾತ್ರೋರಾತ್ರಿ ತೊಟ್ಟಿಗಳಿಗೆ ಡೈನಮೈಟ್ ಇಟ್ಟು ಹಾರಿಸಿದರು. ಆದರೂ 1943ರ ಹೊತ್ತಿಗೆ ಮೆಕ್ಸಿಕೋ ಗಡಿಯ ಒಂದು ಪಟ್ಟಿ ಬಿಟ್ಟು ದೇಶದಿಂದಲೇ ಆ ಉಣ್ಣೆ ಹೋಯಿತು. ಆ ಪಟ್ಟಿಯಲ್ಲಿ ಇವತ್ತಿಗೂ ಸರ್ಕಾರಿ ಸಂಬಳದ ಸವಾರರು ಕುದುರೆ ಮೇಲೆ ರಿಯೊ ಗ್ರಾಂಡೆ ಹೊಳೆಯ ದಂಡೆ ತಿರುಗುತ್ತಾರೆ. ನದಿ ದಾಟಿ ಬಂದ ಬೀಡಾಡಿ ದನ ಹಿಡಿದು, ಗಂಗೆದೊಗಲಿನ ಮಡಿಕೆ, ಕಿವಿಯ ಒಳಗೆ, ಬಾಲದ ಬುಡ, ಕೆಚ್ಚಲ ಸಂದಿ ಅಂತ ಬೆರಳಲ್ಲಿ ತಡವಿ ನೋಡುತ್ತಾರೆ. ನೂರು ವರ್ಷದ ವಿಜ್ಞಾನ ಆದ ಮೇಲೂ ಕೆಲಸ ಬೆರಳಿನದೇ. ನಾನು ದಿನಾ ಹಾಲು ಕರೆಯುವ ಮೊದಲು ಮಾಡುವುದೂ ಅದೇ, ನನಗೆ ಕುದುರೆಯೂ ಇಲ್ಲ ಸಂಬಳವೂ ಇಲ್ಲ.

ಅವರಿಗೊಂದು ಹೊಸ ತಲೆನೋವು ಇದೆಯಂತೆ. ಹಿಂದೆ ಯಾರೋ ದೊಡ್ಡ ಜಮೀನುದಾರರು ಬೇಟೆಗೆ, ಅಂದಕ್ಕೆ ಅಂತ ನಮ್ಮ ನೀಲಗಾಯಿಗಳನ್ನು ತರಿಸಿ ದಕ್ಷಿಣ ಟೆಕ್ಸಾಸಿನಲ್ಲಿ ಬಿಟ್ಟಿದ್ದರು. ಅವು ಸಾವಿರಾರಾಗಿ ಬೇಲಿಯ ಕೆಳಗೆ ನುಸಿದು ಓಡಾಡುತ್ತ ಉಣ್ಣೆಯನ್ನು ಊರೂರಿಗೆ ಹಂಚುತ್ತಿವೆ. ನೀಲಗಾಯಿಯನ್ನು ಹಿಡಿದು ತೊಟ್ಟಿಯಲ್ಲಿ ಮುಳುಗಿಸಲು ಯಾರ ಕೈಲಾಗುತ್ತದೆ? "ಹೋರಿನೂ ನಮ್ದೇ, ನೀಲಗಾಯಿನೂ ನಮ್ದೇ" ಅಂತ ಭಾವನಿಗೆ ಒಂಥರಾ ಖುಷಿಯಾಯಿತು.

ನಮ್ಮಲ್ಲಿ ತೊಟ್ಟಿ ಇಲ್ಲ, ಬೆನ್ನಿಗೆ ಕಟ್ಟುವ ಸ್ಪ್ರೇ ಡಬ್ಬಿ ಇದೆ. ಅದರ ಕತೆ ಕೇಳಿ. ಎರಡು ವರ್ಷದ ಹಿಂದೆ ಭಾವ ಬೆಳೆಗೆ ಹೊಡೆದು ಉಳಿದ ಯಾವುದೋ ಹುಳದ ಔಷಧಿಯನ್ನೇ ಅದೇ ಡಬ್ಬಿಯಲ್ಲಿ ಕರುವಿಗೂ ಹೊಡೆದುಬಿಟ್ಟರು. ಹುಳ ಹುಳವೇ ಅಲ್ಲವೇ ಅನ್ನುವ ತರ್ಕ. ಗಂಟೆಯೊಳಗೆ ಕರುವಿನ ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯತೊಡಗಿತು, ತೊಡೆಯ ಮಾಂಸ ನಡುಗಿತು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಯಿತು. ಡಾಕ್ಟರು ಬಂದು ಅಟ್ರೋಪಿನ್ ಚುಚ್ಚಿದ ಮೇಲೂ ರಾತ್ರಿ ಹನ್ನೊಂದರವರೆಗೆ ನಾವಿಬ್ಬರೂ ಲಾಟೀನು ಹಿಡಿದು ಕೂತಿದ್ದೆವು. ಬದುಕಿತು. ಆ ಕರುವೇ ಈಗಿನ ಮಣಕ. ಅದಾದ ಮೇಲೆ ಭಾವ ದನದ ಔಷಧಿಗೆ ಬೇರೆಯದೇ ಡಬ್ಬಿ ತಂದರು. ಆದರೆ ಅಳತೆಯಲ್ಲಿ ಕೈ ಬಿಗಿ ಮಾಡಿದರು. ಬಾಟಲಿ ಹೇಳಿದ್ದರ ಅರ್ಧ, ಬೆನ್ನಿನ ಮೇಲೆ ಎರಡು ಸಲ ಪುಸ್ ಪುಸ್, ಆಯಿತು. ಉಣ್ಣೆ ಇರುವುದು ಬೆನ್ನ ಮೇಲಲ್ಲ, ಹೊಟ್ಟೆಯ ಕೆಳಗೆ, ತೊಡೆಯ ಸಂದಿಯಲ್ಲಿ. ಅಲ್ಲಿಗೆ ಭಾವನ ನಡು ಬಗ್ಗುವುದಿಲ್ಲ. ಅರ್ಧ ಅಳತೆಗೆ ಸಾಯುವುದು ಬಡಪಾಯಿ ಉಣ್ಣೆ, ಗಟ್ಟಿಯದು ಉಳಿದು ಮರಿ ಮಾಡುತ್ತದೆ. ನಾಲ್ಕು ಸಲ ಹೀಗೆ ಮಾಡಿದರೆ ಆ ಔಷಧಿ ನಮ್ಮ ಊರಿನ ಉಣ್ಣೆಗೆ ಅಕ್ಕಚ್ಚಿನ ಹಾಗೆ.

ಬೇವಿನೆಣ್ಣೆ, ಲಕ್ಕಿಸೊಪ್ಪಿನ ಹೊಗೆ ಎಲ್ಲ ನಾನೂ ಮಾಡುತ್ತೇನೆ. ಹೊಗೆಗೆ ಸೊಳ್ಳೆ ನೊಣ ಏಳುತ್ತವೆ, ಕಚ್ಚಿಕೊಂಡ ಉಣ್ಣೆ ಏಳುವುದಿಲ್ಲ. ದನದ ಬೆನ್ನ ಮೇಲೆ ಕೂರುವ ಬೆಳ್ಳಕ್ಕಿಗೂ ಉಣ್ಣೆ ತಿನ್ನುತ್ತದೆ ಅಂತ ನಾವು ಸುಮ್ಮನೆ ಹೆಸರು ಕೊಟ್ಟಿದ್ದೇವೆ. ಅದರ ಕಣ್ಣಿರುವುದು ದನ ನಡೆದಾಗ ಹುಲ್ಲಿಂದ ಹಾರುವ ಮಿಡತೆಯ ಮೇಲೆ. ಉಣ್ಣೆಯ ನಿಜವಾದ ಶತ್ರು ನಮ್ಮ ನಾಟಿ ಕೋಳಿ. ಬೆಳಗ್ಗೆ ಕೊಟ್ಟಿಗೆಗೆ ಬಿಟ್ಟರೆ ಉದುರಿದ ಒಂದೊಂದು ದಪ್ಪ ಉಣ್ಣೆಯನ್ನೂ ದ್ರಾಕ್ಷಿಯ ಹಾಗೆ ಆರಿಸಿ ನುಂಗುತ್ತದೆ. ಒಂದು ಉಣ್ಣೆ ಹೋದರೆ ಎರಡು ಮೂರು ಸಾವಿರ ಮೊಟ್ಟೆ ಹೋದ ಹಾಗೆ.

ಹೊರಗಿನದು ಕಣ್ಣಿಗಾದರೂ ಕಾಣುತ್ತದೆ. ಒಳಗಿನದ್ದು? ಕಳೆದ ಮಾಗಿಯಲ್ಲಿ ಭಾವ ಕೊಯ್ಲಾದ ಗದ್ದೆಯ ಅಂಚಿನಲ್ಲಿ, ನೀರು ಜಿನುಗುವ ಕಡೆ ಹಸಿರು ಚೆನ್ನಾಗಿದೆ ಅಂತ ದನ ಕಟ್ಟುತ್ತಿದ್ದರು. ಎರಡು ತಿಂಗಳಿಗೆ ಅವರ ಹಂಡಿ ಹಸುವಿನ ಗದ್ದದ ಕೆಳಗೆ ಚೀಲದ ಹಾಗೆ ಬಾವು ತೂಗಿತು. ಒತ್ತಿದರೆ ಹಿಟ್ಟಿನ ಮುದ್ದೆಯ ಹಾಗೆ ಬೆರಳಚ್ಚು ಉಳಿಯುತ್ತಿತ್ತು. ಸಂಜೆ ಮೇದು ಬಂದಾಗ ದೊಡ್ಡದು, ಬೆಳಗ್ಗೆಗೆ ಚಿಕ್ಕದು. "ರಾತ್ರಿ ಇಳಿಯುತ್ತಲ್ಲ, ಗುಣ ಆಗ್ತಿದೆ" ಅಂತ ಭಾವ. ಗುಣ ಅಲ್ಲ, ದಿನವಿಡೀ ತಲೆ ತಗ್ಗಿಸಿ ಮೇಯ್ದಾಗ ನೀರು ಗದ್ದಕ್ಕೆ ಇಳಿಯುವುದು. ಒಳಗೆ ಪಿತ್ತಜನಕಾಂಗದ ಕೊಳವೆಗಳಲ್ಲಿ ಎಲೆಯಾಕಾರದ ಚಪ್ಪಟೆ ಹುಳ ಕೂತಿತ್ತು. ಅದು ದನದಿಂದ ದನಕ್ಕೆ ನೇರ ಹೋಗುವುದಿಲ್ಲ, ನಡುವೆ ಬಸವನಹುಳ ಬೇಕು. ಸಗಣಿಯ ಮೊಟ್ಟೆ ನೀರಿಗೆ ಬಿದ್ದು, ಮರಿ ಬಸವನಹುಳದೊಳಗೆ ಹೊಕ್ಕು, ಅಲ್ಲೇ ಒಂದು ನೂರಾಗಿ ಹೊರಬಂದು, ನೀರಂಚಿನ ಹುಲ್ಲಿಗೆ ಅಂಟಿ ಕೂರುತ್ತದೆ. ಭಾವ ಹುಡುಕಿ ಹುಡುಕಿ ದನ ಕಟ್ಟಿದ್ದು ಅದೇ ಹುಲ್ಲಿಗೆ.

ಅಂಗಡಿಯ ಮಾಮೂಲು ಜಂತಿನ ಮಾತ್ರೆ ಅದಕ್ಕೆ ನಾಟಲಿಲ್ಲ. ಸಗಣಿ ತಂದು ತೋರಿಸಿ ಅಂದರು ಡಾಕ್ಟರು. ಭಾವ ಒಂದು ಬುಟ್ಟಿ ಹೊತ್ತುಕೊಂಡು ಹೋಗಿದ್ದರಂತೆ. ಬೇಕಾಗಿದ್ದು ನೆಲ್ಲಿಕಾಯಿಯಷ್ಟು. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ನೋಡಿ, ಈ ಹುಳಕ್ಕೆ ಅಂತಲೇ ಇರುವ ಬೇರೆ ಔಷಧಿ ಕೊಟ್ಟರು. ತೂಕ ಎಷ್ಟು ಅಂತ ಕೇಳಿದ್ದಕ್ಕೆ ಭಾವ ಕಣ್ಣು ಮುಚ್ಚಿ "ನೂರೈವತ್ತು ಕೇಜಿ" ಅಂದರು, ಅಡಿಕೆ ಮೂಟೆಯ ಅಂದಾಜಿನಲ್ಲಿ. ಡಾಕ್ಟರು ಹೇಳಿಕೊಟ್ಟ ಹಾಗೆ ನನ್ನ ಹೊಲಿಗೆಯ ಟೇಪು ತಂದು ಅಳೆದೆವು. ಮುಂಗಾಲ ಹಿಂದೆ ಎದೆಯ ಸುತ್ತಳತೆ 56 ಇಂಚು, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗೆ 48. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೇಜಿ ಸಿಗುತ್ತದೆ. 228 ಬಂತು. ಭಾವನ ಲೆಕ್ಕಕ್ಕೆ ಔಷಧಿ ಹಾಕಿದ್ದರೆ ಮೂರರಲ್ಲಿ ಒಂದು ಪಾಲು ಕಮ್ಮಿಯಾಗುತ್ತಿತ್ತು.

ಕುಡಿಸುವುದರಲ್ಲಿ ನನ್ನದೂ ಒಂದು ತಪ್ಪಿದೆ, ಭಾವನದ್ದು ಮಾತ್ರ ಹೇಳಿದರೆ ಪಾಪ ಬರುತ್ತದೆ. ನಾನು ಮೊದಲ ಸಲ ಬಿದಿರ ಗೊಟ್ಟದಲ್ಲಿ ಕುಡಿಸುವಾಗ, ಚೆಲ್ಲಬಾರದು ಅಂತ ಹಸುವಿನ ಮೂತಿಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಹಿಡಿದೆಳೆದು, ಒಂದೇ ಸಲಕ್ಕೆ ಮಗುಚಿದೆ. ನಾಲಿಗೆ ಹಿಡಿದರೆ ಅದು ನುಂಗುವುದಾದರೂ ಹೇಗೆ? ಅರ್ಧ ಶ್ವಾಸನಾಳಕ್ಕೆ ಹೋಯಿತು. ಕೆಮ್ಮು, ಗೊರಗೊರ, ನಾಲ್ಕು ದಿನ ಇಂಜೆಕ್ಷನ್. ಮೂತಿ ನೆಲಕ್ಕೆ ಸಮನಾಗಿರಬೇಕು, ಕೆನ್ನೆಯ ಸಂದಿಯಿಂದ ಗೊಟ್ಟ ಇಡಬೇಕು, ಒಂದು ಗುಟುಕು ಇಳಿದ ಮೇಲೆ ಇನ್ನೊಂದು. ಮಗುವಿಗೆ ಒಳಲೆಯಲ್ಲಿ ಹಾಲು ಹಾಕುವುದೂ ಹೀಗೆಯೇ. ಅದು ಬರುತ್ತಿದ್ದ ನನಗೆ ಇದು ಹೊಳೆಯಲಿಲ್ಲ.

ಒಳಗೂ ಹೊರಗೂ ಒಂದೇ ಏಟಿಗೆ ಅಂತ ಐವರ್‌ಮೆಕ್ಟಿನ್ ಇದೆ. ಅದರ ಮೂಲ ಜಪಾನಿನ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಲ್ಲಿ ಸಿಕ್ಕಿದ ಸೂಕ್ಷ್ಮಜೀವಿ. ಮಣ್ಣು ತಂದ ಒಮುರಾ ಮತ್ತು ಅದನ್ನು ಪಳಗಿಸಿದ ಕ್ಯಾಂಬೆಲ್ ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ಒಳ್ಳೆಯ ಔಷಧಿಯೇ. ಆದರೆ ಅದರ ಅಂಶ ಸಗಣಿಯಲ್ಲೂ ಇಳಿದು, ಸಗಣಿ ಉರುಳಿಸುವ ಹುಳದ ಮರಿಗಳೂ ಸಾಯುತ್ತವೆ. ನನಗೆ ಆ ಕಪ್ಪು ಹುಳ ಕಂಡರೆ ಪ್ರೀತಿ. ಮಳೆ ಬಿದ್ದ ಮರುದಿನ ಹಿಂಗಾಲಲ್ಲಿ ಉಂಡೆ ನೂಕಿಕೊಂಡು, ತಲೆಕೆಳಗಾಗಿ ಹೋಗುವ ಅದರ ಗತ್ತು ನೋಡಬೇಕು. ಕಂಡಕಂಡಾಗೆಲ್ಲ ಚುಚ್ಚಿಸುವುದನ್ನು ನಾನು ಬಿಟ್ಟಿದ್ದು ಅದರ ಮುಖ ನೋಡಿ.

ಅಂತೂ ಹೋದ ತಿಂಗಳು ಉಣಗೋಲಿನ ಮೇಲೆ ಒಪ್ಪಂದವಾಯಿತು. ಉಣ್ಣೆಗೆ ಬೇಲಿ ಗೊತ್ತಿಲ್ಲ, ಆದ್ದರಿಂದ ಎರಡೂ ಮನೆಯಲ್ಲಿ ಒಂದೇ ದಿನ ಔಷಧಿ. 14 ದಿನಕ್ಕೊಮ್ಮೆ. ಪೂರ್ತಿ ಅಳತೆ, ಹೊಟ್ಟೆಯ ಕೆಳಗೂ. ದನಕ್ಕೆ ಮೊದಲು ನೀರು ಕುಡಿಸಿ, ಮೈ ಒಣಗುವವರೆಗೆ ನೆಕ್ಕದ ಹಾಗೆ ಕಟ್ಟುವುದು. ಅವತ್ತೇ ಗೋಡೆಯ ಸಂದಿಗೂ ಔಷಧಿ. ಬೇಸಿಗೆ ಮುಗಿಯುವವರೆಗೆ ದರಗು ಬೇಡ, ಒಣಹುಲ್ಲು ಹಾಸುವುದು. ಈ ಕೊನೆಯದಕ್ಕೆ ಒಪ್ಪಿಸಲು ಎರಡು ಕವಳ ಹಿಡಿಯಿತು. ಭಾವ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕ ಕೆಂಪು ಪೆನ್ನಿನಲ್ಲಿ "ಉ" ಅಂತ ಬರೆದುಕೊಂಡರು. ಅಕ್ಕ ಅದನ್ನು ಉಪವಾಸ ಅಂತ ಓದಿ ಎರಡು ಸಲ ಅವರಿಗೆ ರಾತ್ರಿ ಅವಲಕ್ಕಿ ಕೊಟ್ಟಳು.

ಮೂರು "ಉ" ಮುಗಿಯಿತು. ಮೊನ್ನೆ ಬೆಳಗ್ಗೆ ನಮ್ಮ ಜೆರ್ಸಿಯ ಗಂಗೆದೊಗಲಲ್ಲಿ ಕೈಯಾಡಿಸಿದರೆ ಬರೀ ಮೆತ್ತನೆ ಚರ್ಮ. ಹೇಳೋಣ ಅಂತ ಉಣಗೋಲಿಗೆ ಬಂದೆ. ಭಾವ ಆಗಲೇ ಅಲ್ಲಿದ್ದರು. ಮಾತಾಡಲಿಲ್ಲ, ಕಣ್ಣಲ್ಲೇ ಆಚೆ ತೋರಿಸಿದರು.

ದೇವಸ್ಥಾನಕ್ಕೆ ಬಿಟ್ಟ ಬಸವ ಬಂದು ನಮ್ಮ ಬೇಲಿಗೂಟಕ್ಕೆ ಕುತ್ತಿಗೆ ಉಜ್ಜುತ್ತಿತ್ತು. ಊರಿನ ಯಾವ ಬೇಲಿಯೂ ಅದಕ್ಕೆ ಅಡ್ಡವಿಲ್ಲ. ಒಂದು ದಿನ ನಮ್ಮ ಹಿತ್ತಲು, ಒಂದು ದಿನ ಅವರ ಕೊಟ್ಟಿಗೆ ಮುಂದೆ. ಉಜ್ಜಿದ ಗೂಟದ ಬುಡದಲ್ಲಿ ನಾಲ್ಕಾರು ಹರಳು ಬೀಜ ಬಿದ್ದಿತ್ತು. ಕಾಲು ಆಡಿಸುತ್ತಿತ್ತು.

"ನೀಲಗಾಯಿ" ಅಂದೆ.

"ಹ್ಞೂಂ" ಅಂದರು ಭಾವ. "ಇದಕ್ಕೆ ಎಷ್ಟು ಕೇಜಿ ಅಂತ ಟೇಪು ಹಿಡಿಯೋರು ಯಾರು?"

ಈಗ ಭಾವ ಹಲಸಿನ ರಚ್ಚೆ ಹಿಡಿದುಕೊಂಡು ಅದರ ಮೂತಿಯ ಮುಂದೆ ನಿಂತಿದ್ದಾರೆ. ಸ್ಪ್ರೇ ಡಬ್ಬಿ ನನ್ನ ಬೆನ್ನ ಮೇಲಿದೆ. ಹೊಟ್ಟೆಯ ಕೆಳಗೆ ಬಗ್ಗಬೇಕಾದವಳು ನಾನಂತೆ.